ಓದುಗರ ಪ್ರಶ್ನೆ: ಕ್ಯಾನ್ಸರ್ ಆದ ಮೇಲೆ ದೇಣಿಗೆಗಾಗಿ ಓಡಬಹುದಾ?

ಪ್ರಶ್ನೆ: ಅಕ್ಕ, ನನಗೆ 54 ವರ್ಷ, ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ಹೋದ ವರ್ಷ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಈಗ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಲೆಟ್ರೊಝೋಲ್ ಮಾತ್ರೆ ನಡೀತಿದೆ. ಬೆಂಗಳೂರಿನ 10ಕೆ (ಹತ್ತು ಕಿಲೋಮೀಟರ್) ಓಟಕ್ಕೆ ಸೇರಿ ಬಡ ರೋಗಿಗಳಿಗೆ ಒಂದು ಲಕ್ಷ ಕೂಡಿಸಬೇಕು ಅಂತ ಆಸೆ. ಸ್ಕೂಲಿನವರೆಲ್ಲ ಹುರುಪಿನಲ್ಲಿದ್ದಾರೆ, ಕೆಲವರು ಆಗಲೇ ದುಡ್ಡೂ ಹೇಳಿದ್ದಾರೆ. ನಮ್ಮತ್ತೆ ಮಾತ್ರ "ಮೈಯಲ್ಲಿ ತ್ರಾಣ ಇಲ್ಲ, ಸುಮ್ನೆ ಮನೇಲಿರು" ಅಂತಾರೆ. ಮಂಡಿ ನೋವೂ ಇದೆ. ಏನು ಮಾಡಲಿ?

ಉತ್ತರ: ಸೇರಿ. ಆದರೆ ಓಡುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಮಂಡಿ ನೋವಲ್ಲ, "ಆಗಲೇ ದುಡ್ಡೂ ಹೇಳಿದ್ದಾರೆ" ಅನ್ನೋ ಮಾತು. ಚಿಕಿತ್ಸೆ ಮುಗಿದ ದೇಹ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಬೆಳಗ್ಗೆ ಹಲ್ಲುಜ್ಜುವಷ್ಟರಲ್ಲೇ ಸುಸ್ತು ಬಂದು ಕೂರಿಸಿಬಿಡುತ್ತೆ. ಅಂಥ ದಿನವೇ ಓಟ ಬಿದ್ದರೆ, ಇಷ್ಟು ಜನ ದುಡ್ಡು ಕೊಟ್ಟಿದ್ದಾರಲ್ಲ ಅನ್ನೋ ದಾಕ್ಷಿಣ್ಯಕ್ಕೆ ನೀವು ಹೊರಟುಬಿಡುತ್ತೀರಿ, ನಾವು ಹೆಂಗಸರು ದಾಕ್ಷಿಣ್ಯಕ್ಕೆ ಏನು ಬೇಕಾದರೂ ಮಾಡ್ತೀವಿ ಅಲ್ವಾ. ಅದಕ್ಕೇ ಈಗಲೇ ಸ್ಕೂಲಿನ ವಾಟ್ಸಾಪ್ ಗ್ರೂಪಿಗೆ ಬರೆದುಬಿಡಿ: "ಆದಷ್ಟು ಓಡುತ್ತೇನೆ, ಉಳಿದದ್ದು ನಡೆಯುತ್ತೇನೆ. ಅಂದು ಮೈ ಸರಿಯಿಲ್ಲದಿದ್ದರೆ ಹೋಗುವುದಿಲ್ಲ. ಹೇಗಿದ್ದರೂ ನಿಮ್ಮ ಹಣ ರೋಗಿಗಳಿಗೇ ಸೇರುತ್ತದೆ." ಇದಕ್ಕೆ ಒಪ್ಪಿ ಕೊಡುವವರ ಹಣ ಮಾತ್ರ ತಗೊಳ್ಳಿ. ಬ್ರಿಟನ್ನಿನಲ್ಲಿ 1994ರಲ್ಲಿ ಶುರುವಾದ ರೇಸ್ ಫಾರ್ ಲೈಫ್ ಅನ್ನುವ ಓಟದಲ್ಲಿ ಎಷ್ಟೋ ಜನ ಪೂರ್ತಿ ನಡೆದೇ ಮುಗಿಸುತ್ತಾರೆ. ಆದರೂ ಕ್ಯಾನ್ಸರ್ ಸಂಶೋಧನೆಗೆ ಅದರಿಂದ ಹಣ ಬರುತ್ತಲೇ ಇದೆ.

ಇನ್ನು ಅತ್ತೆಯವರ ಮಾತು. ಅದು ಪ್ರೀತಿಯಿಂದ ಬಂದದ್ದು, ಆದರೆ ಈ ಸುಸ್ತು ಬರೀ ಮಲಗಿದರೆ ಹೋಗುವಂಥದ್ದಲ್ಲ, ದಿನಾ ಸ್ವಲ್ಪ ನಡೆದರೇ ಕಮ್ಮಿಯಾಗೋದು. ಮಂಡಿ ನೋವಿಗೆ ನಿಮ್ಮ ಮಾತ್ರೆಯೂ ಕಾರಣ ಇರಬಹುದು, ಲೆಟ್ರೊಝೋಲ್ ತಗೊಳ್ಳುವ ಬಹಳ ಜನಕ್ಕೆ ಕೀಲು ಹಿಡಿದುಕೊಳ್ಳುತ್ತೆ. ಅಮೆರಿಕದಲ್ಲಿ ಇಂಥ ನೋವಿದ್ದ ಹೆಂಗಸರಿಂದ ಒಂದು ವರ್ಷ ವ್ಯಾಯಾಮ ಮಾಡಿಸಿ ನೋಡಿದ್ದರು. ವಾರಕ್ಕೆ 150 ನಿಮಿಷ ನಡಿಗೆಯಂಥದ್ದು, ಜೊತೆಗೆ ಎರಡು ದಿನ ತೂಕ ಎತ್ತುವುದು. ನೋವು ಸುಮಾರು ಶೇ. 30ರಷ್ಟು ಇಳಿದಿತ್ತು. 2015ರಲ್ಲಿ ಅದು ಪ್ರಕಟವಾಯಿತು. ನಿಮ್ಮತ್ತೆಗೆ ಇದನ್ನು ಓದಿ ಹೇಳಿ.

ಶೂ ಕೊಳ್ಳುವ ಮೊದಲು ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ. ಕೀಮೋದಲ್ಲಿ ಡಾಕ್ಸೊರುಬಿಸಿನ್‌ನಂಥ ಕೆಂಪು ಔಷಧಿ ಕೊಟ್ಟಿದ್ದರೆ ಅದು ಕೆಲವರ ಹೃದಯಕ್ಕೆ ಏಟು ಕೊಡುತ್ತೆ, ಎಕೋ (ಹೃದಯದ ಸ್ಕ್ಯಾನ್) ಒಮ್ಮೆ ನೋಡಬೇಕಾ? ಹಿಮೋಗ್ಲೋಬಿನ್ ಎಷ್ಟಿದೆ? ಲೆಟ್ರೊಝೋಲ್ ಮೂಳೆಯನ್ನೂ ಸವೆಸುತ್ತೆ, ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ? ಕೀಮೋದಿಂದ ಪಾದ ಇನ್ನೂ ಜುಮ್ಮೆನ್ನುತ್ತಿದ್ದರೆ ಅದನ್ನೂ ಹೇಳಿ. ಕಾಲಿಗೆ ನೆಲ ಸರಿಯಾಗಿ ತಿಳಿಯದಿದ್ದರೆ ಹಳ್ಳಕೊಳ್ಳದ ರಸ್ತೆಯಲ್ಲಿ ಓಡಬಾರದು. ಅವರು ಹೂಂ ಅಂದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯಿಂದ ಶುರು ಮಾಡಿ, ಪಕ್ಕದವರ ಜೊತೆ ಮಾತಾಡುತ್ತಾ ಹೋಗುವಷ್ಟು ಬಿರುಸು ಸಾಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಸದ್ಯಕ್ಕೆ ಬೇಡ, ಇಳಿಯುವಾಗ ಮಂಡಿ ಬೇಡ ಅನ್ನುತ್ತೆ. ಬೆಂಗಳೂರಿನ ಓಟ ಸಾಮಾನ್ಯವಾಗಿ ಬೇಸಿಗೆಯಲ್ಲೇ ಬರೋದು, ಬಿಸಿಲಿಗೂ ಸ್ವಲ್ಪ ಮೈ ಒಗ್ಗಬೇಕು.

ದುಡ್ಡು ನಿಮ್ಮ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ, ಕೊಡುವವರೇ ನೇರವಾಗಿ ಸಂಸ್ಥೆಗೆ ಕಳಿಸಲಿ. ಆದಾಯ ತೆರಿಗೆಯವರ 80ಜಿ ಮಾನ್ಯತೆ ಇರುವ ಸಂಸ್ಥೆಯಾದರೆ ಹಳೇ ತೆರಿಗೆ ಪದ್ಧತಿಯವರಿಗೆ ವಿನಾಯಿತಿ ಸಿಗುತ್ತೆ, 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗಲ್ಲ. ಈ ಹಣ ಯಾವುದಕ್ಕೆ ಅಂತಲೂ ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡಾಸ್ಪತ್ರೆಗೆ ರಾಯಚೂರು, ಕಲಬುರಗಿಯಿಂದ ಬರುವವರಿಗೆ ಚಿಕಿತ್ಸೆಯ ಖರ್ಚು ಸರ್ಕಾರಿ ಕಾರ್ಡಿನಲ್ಲಿ ನಡೆದರೂ, ವಾರಗಟ್ಟಲೆ ರೇಡಿಯೇಷನ್ ಅಂದಾಗ ರೂಮು, ಊಟ, ಜೊತೆಗಿರುವವರ ಕೂಲಿ ಇವೇ ಕುತ್ತಿಗೆಗೆ ಬರೋದು. ನನ್ನ ಕೇಳಿದರೆ ಅದಕ್ಕೇ ಕೊಡಿ.

ಪ್ರಶ್ನೆ: ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ನನ್ನ ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಆ ಕೈಯಲ್ಲಿ ಬಿಂದಿಗೆ ಕೂಡ ಎತ್ತಬೇಡ ಅಂತಾರೆ. ಗೆಳತಿಯರು ದೇಣಿಗೆಗಾಗಿ ತೂಕ ಎತ್ತುವ ಪಂದ್ಯ ಇಟ್ಟಿದ್ದಾರೆ, ನಾನೂ ಸೇರಬಹುದಾ? (ಶಿವಮೊಗ್ಗ)

ಉತ್ತರ: ಮೊದಲೆಲ್ಲ ಹಾಗೇ ಹೇಳುತ್ತಿದ್ದರು, ಕೈ ಊದುತ್ತೆ ಅಂತ. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಅನ್ನುವ ಡಾಕ್ಟರು ಸ್ತನ ಕ್ಯಾನ್ಸರ್ ಆಗಿದ್ದ 24 ಹೆಂಗಸರನ್ನು ಡ್ರ್ಯಾಗನ್ ದೋಣಿ ಅನ್ನುವ ಉದ್ದನೆಯ ಪಂದ್ಯದ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ಯಾರಿಗೂ ಹೊಸದಾಗಿ ಕೈ ಊದಲಿಲ್ಲ. ಈಗ ಅಂಥ ತಂಡಗಳು ಎಷ್ಟೋ ದೇಶಗಳಲ್ಲಿವೆ. ನಿಧಾನವಾಗಿ ಏರಿಸುತ್ತಾ ಹೋದರೆ ತೂಕ ಎತ್ತುವುದರಿಂದ ಊತ ಹೆಚ್ಚಾಗುವುದಿಲ್ಲ ಅಂತ 2009ರಲ್ಲಿ ಅಮೆರಿಕದ ಅಧ್ಯಯನವೂ ಹೇಳಿತು. ಆದರೆ ಅದು ನಿಧಾನಕ್ಕೆ ಸಿಕ್ಕ ಫಲ, ಪಂದ್ಯಕ್ಕಲ್ಲ. ಫಿಸಿಯೋಥೆರಪಿಸ್ಟ್ ಎದುರಿಗೆ ಅರ್ಧ ಕಿಲೋದಿಂದ ಶುರು ಮಾಡಿ. ಆ ಕೈಯ ಬಳೆ ಬಿಗಿ ಅನಿಸಿದರೆ, ಬ್ಲೌಸಿನ ತೋಳು ಒಂದೇ ಕಡೆ ಒತ್ತಿದರೆ, ಕೈ ಭಾರ ಅನಿಸಿದರೆ ಅಂದೇ ನಿಲ್ಲಿಸಿ, ತೋರಿಸಿ. ಯಾರು ಜಾಸ್ತಿ ಎತ್ತಿದರು ಅನ್ನೋ ಲೆಕ್ಕ ಬಿಟ್ಟು, ಅವರವರು ಎಷ್ಟು ವಾರ ತಪ್ಪದೆ ಮಾಡಿದರು ಅಂತ ಎಣಿಸಲು ಗೆಳತಿಯರಿಗೆ ಹೇಳಿ.

ಪ್ರಶ್ನೆ: ಅಮ್ಮನಿಗೆ ಕೀಮೋ ನಡೀತಿದೆ. ಈ ತಿಂಗಳು ದಿನಾ ಮೂರು ಕಿಲೋಮೀಟರ್ ನಡೆದು ಹಣ ಕೂಡಿಸ್ತೀನಿ ಅಂತ ಹಟ ಹಿಡಿದಿದ್ದಾರೆ. (ಹುಬ್ಬಳ್ಳಿ)

ಉತ್ತರ: ಬೇಡ ಅನ್ನಬೇಡಿ, "ದಿನಾ" ಅನ್ನೋದನ್ನು ಮಾತ್ರ ತೆಗೆಸಿ. ಕೀಮೋ ಆದ ಮೊದಲ ಕೆಲವು ದಿನ ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿದರೂ ಅದು ನಡಿಗೆಯೇ. ಉಳಿದ ಕಿಲೋಮೀಟರನ್ನು ನೀವು ಅಕ್ಕತಮ್ಮಂದಿರು ಹಂಚಿಕೊಂಡು ಅಮ್ಮನ ಹೆಸರಲ್ಲೇ ಸೇರಿಸಿ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಪಾರ್ಕಿನ ಜನಜಂಗುಳಿ ಬೇಡ, ಸೋಂಕು ತಗಲೀತು. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.