ಪಾನಾ, ಪಂಪು ಮತ್ತು ದಿನದ ದಾರಿ: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವ ಹೊಸ ಸೈಕಲ್ ಕೊಳ್ಳಬೇಕೆಂದು ಕೇಳುತ್ತವೆ. ಅವನ್ನು ಬದಿಗಿಟ್ಟು, ಮನೆಯಲ್ಲಿರುವ ಸೈಕಲ್ಲನ್ನೇ ದಿನನಿತ್ಯದ ಓಡಾಟಕ್ಕೆ ಒಗ್ಗಿಸಿಕೊಳ್ಳುವುದು ಹೇಗೆಂದು ಕೇಳಿದ ಕೆಲವು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಹೊಸ ಸೈಕಲ್ ಬೇಕೆನ್ನುವವರು ಹೇಳಿಕೊಂಡಿರುವ ತೊಂದರೆಗಳಲ್ಲಿ ಬಹುಪಾಲು ಬೀದಿ ಮೂಲೆಯ ಸೈಕಲ್ ಶಾಪಿನಲ್ಲಿ ಅರ್ಧ ಗಂಟೆಯೊಳಗೆ ಬಗೆಹರಿಯುವಂಥವು ಎಂಬುದು ನನ್ನ ಅನುಭವ.

ಪ್ರಶ್ನೆ: ಎರಡು ವರ್ಷದ ಹಿಂದೆ ಮುಂಭಾಗದಲ್ಲಿ ಸಸ್ಪೆನ್ಷನ್ ಇರುವ, 26 ಇಂಚಿನ ಚಕ್ರದ, 21 ಗೇರಿನ ಸೈಕಲ್ ಕೊಂಡೆ. ಜೆ.ಪಿ. ನಗರದಿಂದ ಕೋರಮಂಗಲದ ಕಚೇರಿಗೆ ಹೋಗುತ್ತೇನೆ. ಕಚೇರಿ ಮುಟ್ಟುವಷ್ಟರಲ್ಲಿ ಬೆನ್ನು ಬೆವರಿನಿಂದ ತೊಯ್ದು, ಮಂಡಿ ನೋಯತೊಡಗುತ್ತದೆ. ಇದನ್ನು ಮಾರಿ, ಡಾಂಬರಿಗೂ ಒರಟು ದಾರಿಗೂ ಒಗ್ಗುವ ಹೈಬ್ರಿಡ್ ಸೈಕಲ್ ತೆಗೆದುಕೋ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಲಿ?
— ಲೆಕ್ಕಪತ್ರ ವಿಭಾಗದ ಉದ್ಯೋಗಿ, ಬೆಂಗಳೂರು

ಉತ್ತರ: ಸದ್ಯಕ್ಕೆ ಮಾರಬೇಡಿ. ಮೊದಲು ಸೀಟಿನ ಎತ್ತರ ನೋಡಿ. ಗೋಡೆಗೆ ಒರಗಿಸಿದ ಸೈಕಲ್ ಮೇಲೆ ಕುಳಿತು, ಒಂದು ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನಿಟ್ಟಾಗ, ಸೊಂಟ ವಾಲದೆ ಕಾಲು ನೇರವಾಗಿ ಚಾಚುವಂತಿರಬೇಕು. ಆಗ ತುಳಿಯುವ ಹೊತ್ತಿನಲ್ಲಿ, ಅಂದರೆ ಪಾದದ ಮುಂಭಾಗ ಪೆಡಲ್ಲಿನ ಮೇಲಿರುವಾಗ, ಮಂಡಿಯಲ್ಲಿ ಬೇಕಾದಷ್ಟೇ ಸಣ್ಣ ಬಾಗು ಉಳಿಯುತ್ತದೆ. ಸಿಗ್ನಲ್ಲಿನಲ್ಲಿ ಕುಳಿತಲ್ಲಿಂದಲೇ ಎರಡೂ ಕಾಲನ್ನು ನೆಲಕ್ಕೆ ಊರಬೇಕೆಂಬ ಆಸೆಯಿಂದ ನಮ್ಮಲ್ಲಿ ಬಹಳ ಮಂದಿ ಸೀಟನ್ನು ತೀರಾ ಕೆಳಗಿಟ್ಟುಕೊಳ್ಳುತ್ತಾರೆ, ಮಂಡಿಯ ಮುಂಭಾಗದ ನೋವು ಹೆಚ್ಚಾಗಿ ಇದರಿಂದಲೇ ಬರುತ್ತದೆ. ನೋವು ಮಂಡಿಯ ಹಿಂಭಾಗದಲ್ಲಿದ್ದರೆ ಸೀಟು ಮಿತಿಮೀರಿ ಮೇಲಿದೆ ಎಂದು ಅನುಮಾನಿಸಬೇಕು. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯುವುದನ್ನು ರೂಢಿಸಿಕೊಂಡರೆ ಎತ್ತರದ ಸೀಟಿನ ಭಯ ಹೋಗುತ್ತದೆ. ಒಂದೇ ದಿನ ಪೂರ್ತಿ ಏರಿಸಬೇಡಿ, ವಾರಕ್ಕೆ ಒಂದು ಸೆಂಟಿಮೀಟರ್ ಸಾಕು. ಸೀಟಿನ ಕೊಳವೆಯ ಮೇಲೆ ಕೊರೆದಿರುವ ಗೆರೆ ಚೌಕಟ್ಟಿನ ಹೊರಗೆ ಕಾಣುವಷ್ಟಂತೂ ಎಂದಿಗೂ ಎತ್ತಬೇಡಿ, ಏಕೆಂದರೆ ಆ ಗೆರೆ ದಾಟಿದ ಕೊಳವೆ ಹಳ್ಳವೊಂದಕ್ಕೆ ಬಿದ್ದಾಗ ಬಾಗಬಹುದು, ಚೌಕಟ್ಟನ್ನೂ ಸೀಳಬಹುದು.

ಎರಡನೆಯದು ಟಯರು. ನಿಮ್ಮ ಸೈಕಲ್ಲಿಗೆ ಬಂದಿರುವುದು ಕಾಡುದಾರಿಗೆಂದು ಮಾಡಿದ ಗುಬುಟುಗಳ ಟಯರು. ಡಾಂಬರಿನ ಮೇಲೆ ಅದು ಗುಂಯ್‌ಗುಡುತ್ತ ನಿಮ್ಮ ಶ್ರಮವನ್ನೇ ತಿನ್ನುತ್ತದೆ. ಅದನ್ನು ತೆಗೆದು ನುಣುಪಾದ, ಒಂದೂವರೆಯಿಂದ ಒಂದೂಮುಕ್ಕಾಲು ಇಂಚು ಅಗಲದ ಟಯರು ಹಾಕಿಸಿ. ಕೊಳ್ಳುವಾಗ ‘26 ಇಂಚು’ ಎಂದಷ್ಟೇ ಹೇಳಿದರೆ ಮೋಸಹೋಗುತ್ತೀರಿ. ಟಯರಿನ ಪಕ್ಕದಲ್ಲಿ 50-559 ಎಂಬಂಥ ಸಂಖ್ಯೆ ಇರುತ್ತದೆ: ಮೊದಲನೆಯದು ಅಗಲ, ಎರಡನೆಯದು ಟಯರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಿಮಗೆ ಬೇಕಾದದ್ದು 559. ಹಳೆಯ ಮಾದರಿಯ 26×1⅜ ಟಯರಿನದು 590. ಹೆಸರಿನಲ್ಲಿ ಎರಡೂ 26 ಇಂಚೇ ಆದರೂ ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಸುಮಾರು 70 ಕಿಲೋ ತೂಕದವರಿಗೆ ಒಂದೂವರೆ ಇಂಚಿನ ಟಯರಿನಲ್ಲಿ ಹಿಂದೆ 55, ಮುಂದೆ 45 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿಯಿಂದ ಆರಂಭಿಸಿ, ಟಯರಿನ ಮೇಲೆ ಮುದ್ರಿಸಿದ ಮಿತಿಯೊಳಗೆ ನಿಮಗೆ ಒಗ್ಗುವಂತೆ ಹೊಂದಿಸಿಕೊಳ್ಳಬಹುದು. ಕಲ್ಲಿನಂತಾಗುವವರೆಗೂ ಗಾಳಿ ತುಂಬಿದರೆ ಸೈಕಲ್ ಹಗುರವಾಗಿ ಓಡುತ್ತದೆಂಬ ನಂಬಿಕೆ ನಮ್ಮ ಹೊಂಡ–ಹಂಪುಗಳ ರಸ್ತೆಯಲ್ಲಿ ಸುಳ್ಳಾಗುತ್ತದೆ. ಚಕ್ರ ಪುಟಿಯುವ ಪ್ರತಿ ಸಲವೂ ವೇಗ ಸೋರಿಹೋಗುತ್ತದೆ.

ಗೇರುಗಳ ವಿಷಯದಲ್ಲಿ ಒಂದೇ ಮಾತು. ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ನಡುವಿನದನ್ನೇ ದಿನವೂ ಬಳಸಿ, ಹಿಂದಿನದನ್ನಷ್ಟೇ ಬದಲಿಸುತ್ತಿರಿ. ಭಾರದ ಗೇರನ್ನು ನಿಧಾನವಾಗಿ ಒತ್ತುವ ಬದಲು ಹಗುರ ಗೇರನ್ನು ನಿಮಿಷಕ್ಕೆ 70ರಿಂದ 80 ಸುತ್ತು ತಿರುಗಿಸುವುದು ಮಂಡಿಗೆ ಹಿತ.

ಇನ್ನು ಬೆವರು. ಬೆನ್ನಿನ ಚೀಲವನ್ನು ಕ್ಯಾರಿಯರಿಗೆ ಇಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಇಳಿಯುತ್ತದೆ. ಹಿಂಚಕ್ರದ ಅಚ್ಚಿನ ಬಳಿ ಕ್ಯಾರಿಯರ್ ಕೂರಿಸಲು ತೂತುಗಳಿವೆಯೇ ನೋಡಿ. ಇಲ್ಲದಿದ್ದರೆ ಚೌಕಟ್ಟಿನ ಕೊಳವೆಗೆ ರಬ್ಬರು ಸುತ್ತಿ ಬಿಗಿಯುವ ಪಟ್ಟಿಗಳು ಸಿಗುತ್ತವೆ. ಸೀಟಿನ ಕೊಳವೆಗೆ ಮಾತ್ರ ಕಚ್ಚಿಕೊಂಡು ಹಿಂದಕ್ಕೆ ತೂಗುವ ಕ್ಯಾರಿಯರನ್ನು ಲ್ಯಾಪ್‌ಟಾಪ್, ಬುತ್ತಿ, ಬಟ್ಟೆ ಎಲ್ಲವನ್ನೂ ಹೊರಲು ನಂಬಬೇಡಿ, ಅದು ಮೆಲ್ಲಮೆಲ್ಲನೆ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಪಕ್ಕದಲ್ಲಿ ನೇತಾಡುವ ಚೀಲವಾದರೆ ತುಳಿಯುವಾಗ ಹಿಮ್ಮಡಿ ತಾಗದಷ್ಟು ಹಿಂದಕ್ಕೆ ತೂಗುಹಾಕಬೇಕು.

ಸಸ್ಪೆನ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅದನ್ನು ಕಿತ್ತು ಸಾದಾ ಫೋರ್ಕ್ (ಮುಂಚಕ್ರವನ್ನು ಹಿಡಿದಿಡುವ ಕವಲು) ಹಾಕಿಸುವ ಉಮೇದಿಗೆ ಬೀಳಬೇಡಿ. ಗಿಡ್ಡ ಫೋರ್ಕ್ ಹಾಕಿದರೆ ಸೈಕಲ್ಲಿನ ಮೂತಿ ತಗ್ಗಿ ಹ್ಯಾಂಡಲ್ ಚಂಚಲವಾಗುತ್ತದೆ.

ಪ್ರಶ್ನೆ: ತಂದೆಯವರ 28 ಇಂಚಿನ ಡಬಲ್ ಬಾರ್ ಸೈಕಲ್ಲಿನಲ್ಲೇ ಆರು ಕಿ.ಮೀ. ದೂರದ ಶಾಲೆಗೆ ಹೋಗಿಬರುತ್ತೇನೆ. ಆಷಾಢದ ಗಾಳಿಗೆ ಎದುರಾಗಿ ತುಳಿಯುವುದು ಕಷ್ಟ. ಇದಕ್ಕೆ ಗೇರು ಕೂಡಿಸಬಹುದೇ? ಮಳೆ ಬಿದ್ದರೆ ಎರೆ ಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿಯೇ ತಿರುಗುವುದಿಲ್ಲ, ಇದಕ್ಕೇನು ಉಪಾಯ?
— ಪ್ರಾಥಮಿಕ ಶಾಲಾ ಶಿಕ್ಷಕ, ನವಲಗುಂದ ತಾಲ್ಲೂಕು

ಉತ್ತರ: ಗೇರು ಕೂಡಿಸುವ ಮೊದಲು ಹಲ್ಲು ಎಣಿಸಿ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿವೆ ಎಂದಿಟ್ಟುಕೊಳ್ಳೋಣ. ಪೆಡಲ್ ಒಂದು ಸುತ್ತು ಬಂದಾಗ ಹಿಂಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ ಐದೂವರೆ ಮೀಟರಿನಷ್ಟು ಮುಂದೆ ಹೋಗುತ್ತದೆ. ಸಮನೆಲದಲ್ಲಿ, ಗಾಳಿಯಿಲ್ಲದ ದಿನ, ಇದು ಚೆನ್ನಾಗಿಯೇ ಇರುತ್ತದೆ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ ಅದೇ ಒಂದು ಸುತ್ತಿಗೆ ನಾಲ್ಕೂವರೆ ಮೀಟರ್ ಸಾಗುತ್ತೀರಿ, ಪೆಡಲ್ ಮೇಲಿನ ಒತ್ತಡ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಗಾಳಿ ಬೆನ್ನಿಗಿರುವ ಸಂಜೆ ಕಾಲು ಸ್ವಲ್ಪ ಬೇಗಬೇಗ ತಿರುಗಬೇಕಾದೀತು, ಅಷ್ಟೆ. 20 ಹಲ್ಲು ನಡುದಾರಿ. ಫ್ರೀವೀಲು ದೊಡ್ಡದಾದಾಗ ಚಕ್ರವನ್ನು ಮುಂದಕ್ಕೆ ಸರಿಸಬೇಕಾಗುತ್ತದೆ. ಸರಿಸಲು ಜಾಗ ಉಳಿದಿಲ್ಲದಿದ್ದರೆ ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕು. ಚೈನ್ ಕವರಿಗೆ ಫ್ರೀವೀಲು ತಾಗುತ್ತದೆಯೇ ಎಂಬುದನ್ನೂ ಶಾಪಿನಲ್ಲೇ ತಿರುಗಿಸಿ ನೋಡಿ. ಆರು ಹಲ್ಲುಚಕ್ರಗಳ ಗೊಂಚಲನ್ನು ಈ ಚೌಕಟ್ಟಿಗೆ ತುರುಕಲು ಹೋದರೆ ಹಿಂಭಾಗದ ಕೊಳವೆಗಳನ್ನು ಅಗಲಿಸಿ ಬಗ್ಗಿಸಬೇಕಾಗುತ್ತದೆ. ಐವತ್ತು ವರ್ಷ ನೆಟ್ಟಗಿದ್ದ ಚೌಕಟ್ಟಿಗೆ ಆ ಶಿಕ್ಷೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇಂಥದೇ ಸೈಕಲ್ಲುಗಳಿಗೆಂದು ಇಂಗ್ಲೆಂಡಿನಲ್ಲಿ ಸ್ಟರ್ಮಿ ಆರ್ಚರ್ ಕಂಪನಿ 1902ರ ಹೊತ್ತಿಗೇ ಹಿಂಚಕ್ರದ ನಡುವಿನ ಹಬ್ಬಿನ ಒಳಗೆ ಅಡಗುವ ಮೂರು ಗೇರುಗಳನ್ನು ರೂಪಿಸಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಂಥದೊಂದು ಹಬ್ಬು ಕೈಗೆ ಸಿಕ್ಕರೆ ಬಿಡಬೇಡಿ.

ಹ್ಯಾಂಡಲ್ ತಗ್ಗಿಸಿದರೆ ಗಾಳಿಯ ಏಟು ಕಡಿಮೆಯಾಗುತ್ತದೆ. ಆದರೆ ನಿಮ್ಮದು ಕಡ್ಡಿ ಬ್ರೇಕಿನ ಸೈಕಲ್, ಬ್ರೇಕಿನ ಹಿಡಿಕೆ ಮತ್ತು ಕಡ್ಡಿಗಳು ಹ್ಯಾಂಡಲ್ಲಿಗೇ ಅಂಟಿಕೊಂಡಿರುವುದರಿಂದ ಬೇರೆ ಹ್ಯಾಂಡಲ್ ಹಾಕುವುದು ಸುಲಭವಲ್ಲ. ಹ್ಯಾಂಡಲ್ಲನ್ನು ಹಿಡಿದಿರುವ ಕಾಂಡವನ್ನು ಎರಡು ಸೆಂಟಿಮೀಟರ್ ಇಳಿಸಿದರೂ ಬ್ರೇಕಿನ ಕಡ್ಡಿಗಳ ಉದ್ದವನ್ನು ಮತ್ತೆ ಹೊಂದಿಸಬೇಕೆಂಬುದು ನೆನಪಿರಲಿ.

ಎರೆಯ ಪ್ರಶ್ನೆಗೆ ಪೂರ್ತಿ ಪರಿಹಾರ ಇಲ್ಲ. ಕರಾವಳಿಯವರಿಗೆ ನಾನು ಮಡ್‌ಗಾರ್ಡ್ ಟಯರಿಗೆ ಆದಷ್ಟು ಹತ್ತಿರವಿರಲಿ ಎನ್ನುತ್ತೇನೆ. ನಿಮಗೆ ಹೇಳಬೇಕಾದದ್ದು ಅದಕ್ಕೆ ತದ್ವಿರುದ್ಧ. ಮಡ್‌ಗಾರ್ಡಿನ ಕಡ್ಡಿಗಳನ್ನು ಸಡಿಲಿಸಿ, ಟಯರಿಗೂ ತಗಡಿಗೂ ನಡುವೆ ಎರಡು ಬೆರಳಿನಷ್ಟು ಸಂದು ಬಿಡಿ, ಮಳೆಗಾಲದ ಮಟ್ಟಿಗೆ ಮುಂದಿನದನ್ನು ತೆಗೆದಿಟ್ಟರೂ ಆದೀತು. ಅಂಟಿದ ಮಣ್ಣನ್ನು ಎತ್ತಿಹಾಕಲು ಒಂದು ಕಟ್ಟಿಗೆಯ ಚೂರನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡಿರಿ. ಹಸಿ ಎರೆಯಲ್ಲಿ ಸೈಕಲ್ಲನ್ನು ದೂಡಿಕೊಂಡು ಹೋಗುವುದಕ್ಕಿಂತ ದೂರವಾದರೂ ಗರಸಿನ ದಾರಿ ಹಿಡಿಯುವುದೇ ಲೇಸೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಮಳೆಯಲ್ಲಿ ಬ್ರೇಕ್ ಹಿಡಿದರೆ ಸೈಕಲ್ ನಿಲ್ಲುವುದೇ ಇಲ್ಲ. ಹೊಸ ರಬ್ಬರು ಹಾಕಿಸಿದರೂ ಅದೇ ಕಥೆ.
— ಅಂಚೆ ಇಲಾಖೆಯ ನೌಕರ, ಉಡುಪಿ

ಉತ್ತರ: ರಿಮ್ಮು ಹೊಳೆಯುವ ಉಕ್ಕಿನದೇ ಎಂದು ಅಯಸ್ಕಾಂತ ಹಿಡಿದು ನೋಡಿ. ಕ್ರೋಮ್ ಲೇಪದ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿಗೆ ಹಿಡಿತವನ್ನೇ ಕೊಡುವುದಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಿಮ್ಮ ಜಿಲ್ಲೆಯಲ್ಲಿ ಅದು ಅಪಾಯವೇ ಸರಿ. ಚಕ್ರಗಳನ್ನು ಅಲ್ಯೂಮಿನಿಯಂ ರಿಮ್ಮಿಗೆ ಮರುಕಟ್ಟಿಸುವುದು ಖರ್ಚಿನ ಕೆಲಸವಾದರೂ ಈ ಪಟ್ಟಿಯಲ್ಲಿ ನಾನು ಹಣ ಹಾಕಿ ಎಂದು ಒತ್ತಾಯಿಸುವುದು ಇದಕ್ಕೊಂದಕ್ಕೇ. ಎರಡೂ ಆಗದಿದ್ದರೆ ಮುಂದಿನದನ್ನಾದರೂ ಬದಲಿಸಿ, ಏಕೆಂದರೆ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೆ. ಮುಂದಿನ ಬ್ರೇಕ್ ಮುಟ್ಟಿದರೆ ಬಿದ್ದೇಬಿಡುತ್ತೇವೆಂದು ಬಾಲ್ಯದಲ್ಲಿ ಹೆದರಿಸಿದವರ ಮಾತನ್ನು ಮರೆತು, ಎರಡನ್ನೂ ಒಟ್ಟಿಗೆ, ಮೆಲ್ಲನೆ, ಸ್ವಲ್ಪ ಮುಂಚಿತವಾಗಿ ಹಿಡಿಯಿರಿ. ಮೊದಲ ಒಂದೆರಡು ಸುತ್ತು ರಿಮ್ಮಿನ ನೀರು ಒರೆಸುವುದಕ್ಕೇ ಹೋಗುತ್ತದೆ.

ಕೆಂಪು ಮುರಕಲ್ಲಿನ ಹುಡಿ ನೀರಿನೊಂದಿಗೆ ಸೇರಿ ಉಪ್ಪುಕಾಗದದಂತೆ ರಿಮ್ಮನ್ನು ತೇಯುತ್ತದೆ. ವಾರಕ್ಕೊಮ್ಮೆ ರಬ್ಬರಿನಲ್ಲಿ ಸಿಕ್ಕಿಕೊಂಡ ಲೋಹದ ಚೂರುಗಳನ್ನು ಸೂಜಿಯಿಂದ ಕೀಳಿ. ಚೈನನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿ. ನಮ್ಮ ಶಾಪುಗಳಲ್ಲಿ ಓವರ್‌ಹಾಲಿಂಗ್ ಎಂಬುದು ‘ಓವರ್ ಆಯಿಲಿಂಗ್’ ಆಗಿರುವುದು ಬರೀ ನಾಲಿಗೆಯ ತಪ್ಪಲ್ಲ, ಕೆಲವರು ಹಾಗೆಯೇ ಮಾಡುತ್ತಾರೆ. ಸೋರುವ ಎಣ್ಣೆ ರಿಮ್ಮಿಗೆ ತಾಗಿದರೆ ಇದ್ದ ಬ್ರೇಕೂ ಹೋಯಿತು.

ಪ್ರಶ್ನೆ: ತಿಂಗಳಿಗೆ ನಾಲ್ಕೈದು ಪಂಕ್ಚರ್ ಆಗುತ್ತವೆ. ಟ್ಯೂಬಿನಲ್ಲಿ ತೇಪೆ ಹಾಕಲು ಜಾಗವಿಲ್ಲ.
— ಕಾಲೇಜು ವಿದ್ಯಾರ್ಥಿ, ಹೊಸಪೇಟೆ

ಉತ್ತರ: ನಿಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿಯೂ ನೆಗ್ಗಿಲೂ ಇವೆ, ಇವೆರಡರ ಮುಳ್ಳಿಗೆ ತೆಳು ಟಯರು ಲೆಕ್ಕಕ್ಕಿಲ್ಲ. ಪಂಕ್ಚರ್ ಹಾಕಿದ ಮೇಲೆ ಟಯರಿನ ಒಳಗೆ ಹತ್ತಿಯ ಉಂಡೆಯೊಂದನ್ನು ಸುತ್ತಲೂ ಸವರಿ. ಮುರಿದು ಉಳಿದ ಮುಳ್ಳಿನ ತುದಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಒಂದೇ ಮುಳ್ಳು ಮೂರು ಪಂಕ್ಚರ್ ಮಾಡಿದ್ದನ್ನು ನಾನೇ ಅನುಭವಿಸಿದ್ದೇನೆ. ಬಳಿಕ ಹಳೆಯ ಟಯರೊಂದರ ಅಂಚಿನ ತಂತಿಯನ್ನು ಕತ್ತರಿಸಿ ತೆಗೆದು, ಉಳಿದ ಪಟ್ಟಿಯನ್ನು ಟಯರಿಗೂ ಟ್ಯೂಬಿಗೂ ನಡುವೆ ಹಾಸಿಸಿ. ಸೈಕಲ್ ತುಸು ಭಾರವಾಗುತ್ತದೆ, ಆದರೆ ನಡೆದು ಬರುವುದಕ್ಕಿಂತ ಹಗುರ. ಪಟ್ಟಿಯ ತುದಿಗಳನ್ನು ಓರೆಯಾಗಿ ಸವೆಸದಿದ್ದರೆ ಅದೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಮುಳ್ಳಿಲ್ಲದೆಯೂ ಗಾಳಿ ಇಳಿಯುತ್ತಿದ್ದರೆ ವಾಲ್ವಿನೊಳಗಿನ ರಬ್ಬರು ನಳಿಗೆ ಬದಲಿಸಿ ನೋಡಿ.

ಪ್ರಶ್ನೆ: ಬಾಡಿಗೆಯ ಟ್ರಿಣ್ ಟ್ರಿಣ್ ಸೈಕಲ್ಲಿನಿಂದ ರೂಢಿಯಾಗಿ, ಈಗ ಸ್ವಂತದ್ದೊಂದು ಬೇಕೆನಿಸಿದೆ. ಸೀರೆ ಉಟ್ಟು ಗ್ರಂಥಾಲಯದ ಕೆಲಸಕ್ಕೆ ಹೋಗುವವಳು, ಮರಳುವಾಗ ಕತ್ತಲಾಗುತ್ತದೆ.
— ಗ್ರಂಥಾಲಯ ಸಹಾಯಕಿ, ಮೈಸೂರು

ಉತ್ತರ: 2017ರಲ್ಲಿ ನಿಮ್ಮೂರಿನಲ್ಲಿ ಆರಂಭವಾದ ಆ ಬಾಡಿಗೆ ಸೈಕಲ್ಲಿನಂತೆಯೇ ನಡುಕೊಳವೆ ತಗ್ಗಿರುವ ಲೇಡೀಸ್ ಸೈಕಲ್ ತೆಗೆದುಕೊಳ್ಳಿ. ಚೈನನ್ನು ಪೂರ್ತಿ ಮುಚ್ಚುವ ಕವರ್ ಇರಲಿ, ಅರ್ಧ ಕವರ್ ಸೀರೆಗೆ ಸಾಲದು. ಸೆರಗು ಹಿಂಚಕ್ರಕ್ಕೆ ಸಿಗದಂತೆ ಎರಡೂ ಬದಿಗೆ ಜಾಲರಿ ಹಾಕಿಸಿ. ಬುಟ್ಟಿಯಲ್ಲಿ ಎರಡು ಪುಸ್ತಕಕ್ಕಿಂತ ಹೆಚ್ಚಿದ್ದರೆ ಹ್ಯಾಂಡಲ್ ತಾನೇ ತಿರುಗಿಕೊಳ್ಳುತ್ತದೆ, ಭಾರವನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ. ದೀಪದ ವಿಷಯದಲ್ಲಿ, ಟಯರಿಗೆ ಉಜ್ಜಿಕೊಂಡು ತಿರುಗುವ 6 ವೋಲ್ಟಿನ ಹಳೆಯ ಡೈನಮೊ ಮಳೆಯಲ್ಲಿ ಜಾರುತ್ತದೆ, ನಿಂತಾಗ ಆರಿಹೋಗುತ್ತದೆ. ಚಾರ್ಜ್ ಮಾಡುವ ಎಲ್‌ಇಡಿ ದೀಪವೇ ಸಾಕು. ಮುಂದಿನದನ್ನು ಎದುರಿನವರ ಕಣ್ಣಿಗಲ್ಲ, ರಸ್ತೆಯ ಕಡೆಗೆ ಬಾಗಿಸಿ. ಹಿಂದಿನ ಕೆಂಪು ದೀಪವನ್ನು ಸೀಟಿನ ಕೆಳಗೆ ಕಟ್ಟಿದರೆ ಸೆರಗು ಮುಚ್ಚುತ್ತದೆ, ಕ್ಯಾರಿಯರಿನ ಹಿಂತುದಿಗೆ ಬಿಗಿಸಿ.

ಪ್ರಶ್ನೆ: ನಮ್ಮ ಮೆಟ್ರೊದಲ್ಲಿ ಸೈಕಲ್ ಒಯ್ಯಬಹುದೇ?
— ಓದುಗ, ಬೆಂಗಳೂರು

ಉತ್ತರ: ಮಡಚುವ ಸೈಕಲ್ಲಿಗೆ 2021ರಲ್ಲಿ ಅವಕಾಶ ಕೊಟ್ಟಿದ್ದಾರೆ, ಗಾತ್ರ ಮತ್ತು ತೂಕದ ಮಿತಿಯೊಂದಿಗೆ. ಕೊಳ್ಳುವ ಮುನ್ನ ಸೈಕಲ್ಲನ್ನು ಅಂಗಡಿಯಲ್ಲೇ ಮಡಚಿಸಿ ಟೇಪಿನಿಂದ ಅಳೆದು, ಆ ಅಳತೆಯನ್ನು ನೀವು ಹತ್ತುವ ನಿಲ್ದಾಣದ ಸಿಬ್ಬಂದಿಗೆ ತೋರಿಸಿ ಕೇಳಿಕೊಳ್ಳಿ.