ಪ್ರಶ್ನೋತ್ತರ: ಡೆಮಾಸ್ತನೀಸನ ಬಾಯೊಳಗಿನ ಕಲ್ಲು

ಪ್ರಶ್ನೆ: ಗ್ರೀಸಿನ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಕಲ್ಲಿಟ್ಟುಕೊಂಡು ಮಾತಾಡಿ ಉಗ್ಗು ಕಳೆದುಕೊಂಡನಂತೆ. ಉಗ್ಗುವ ನನ್ನ ಮಗನಿಗೂ (11 ವರ್ಷ) ಹೀಗೆ ಮಾಡಿಸಬಹುದೇ?
— ಓದುಗರು, ಹಾಸನ

ಉತ್ತರ: ದಯವಿಟ್ಟು ಬೇಡ. ಕಲ್ಲು ಗಂಟಲಿಗೆ ಜಾರಿದರೆ ಉಸಿರು ಕಟ್ಟುತ್ತದೆ. ಅಲ್ಲದೆ ಅವನಿಗಿದ್ದದ್ದು ಉಗ್ಗು ಎನ್ನುವುದಕ್ಕಿಂತ ತೊದಲು ಎನ್ನುವುದೇ ಸರಿ. ಉಗ್ಗುವವರಿಗೆ ಅಕ್ಷರ ಬರುತ್ತದೆ, ಮಾತು ಹೊರಡುವಾಗ ತಡೆಯುತ್ತದೆ. ತೊದಲಿನಲ್ಲಿ ಉಚ್ಚಾರವೇ ತಪ್ಪುತ್ತದೆ. ಅವನ ಜೀವನಚರಿತ್ರೆ ಬರೆದ ಪ್ಲೂಟಾರ್ಕ್ ಹೇಳುವುದು ಅಸ್ಪಷ್ಟ ಉಚ್ಚಾರ ಮತ್ತು ಸಾಲದ ಉಸಿರಿನ ಬಗ್ಗೆ. ರೋಮಿನ ಭಾಷಣಕಾರ ಸಿಸೆರೊ ಪ್ರಕಾರ, ಡೆಮಾಸ್ತನೀಸ್ ಕಲಿಯುತ್ತಿದ್ದ ‘ರೆಟಾರಿಕ್’ (ಭಾಷಣ ಕಲೆ) ವಿದ್ಯೆಯ ಮೊದಲಕ್ಷರ ‘ರ’ವೇ ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ.

ಪ್ಲೂಟಾರ್ಕ್ ಬರೆದದ್ದು ಡೆಮಾಸ್ತನೀಸ್ ಸತ್ತ ಸುಮಾರು 400 ವರ್ಷಗಳ ಮೇಲೆ. ಆದರೂ ಮುದುಕ ಡೆಮಾಸ್ತನೀಸನ ಬಾಯಿಂದಲೇ ಕೇಳಿದ್ದಾಗಿ ಅವನ ಕಾಲದವನೇ ಆದ ಫಾಲೆರಾನಿನ ಡೆಮಿಟ್ರಿಯಸ್ ಹೇಳಿದ್ದನ್ನು ಆಧಾರವಾಗಿ ಕೊಡುತ್ತಾನೆ, ಹಾಗಾಗಿ ತಳ್ಳಿಹಾಕುವಂತಿಲ್ಲ. ಕಲ್ಲಿನ ಜೊತೆಗೆ ಬೇರೆ ಅಭ್ಯಾಸಗಳೂ ಇದ್ದವು: ಏರು ಹತ್ತುತ್ತ ಒಂದೇ ಉಸಿರಿಗೆ ಸಾಲುಗಳನ್ನು ಹೇಳುವುದು, ದೊಡ್ಡ ಕನ್ನಡಿಯ ಮುಂದೆ ನಿಂತು ತಿದ್ದಿಕೊಳ್ಳುವುದು, ಹೊರಗೆ ಹೋಗಲು ನಾಚಿಕೆಯಾಗಲೆಂದು ಅರ್ಧ ತಲೆ ಬೋಳಿಸಿಕೊಂಡು ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಕೂರುವುದು.

ಮಗನನ್ನು ವಾಕ್ ಚಿಕಿತ್ಸಕರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗಿಗೆ ತಪಾಸಣೆ, ಚಿಕಿತ್ಸೆ ಎರಡೂ ಇವೆ. ಮನೆಯಲ್ಲಿ ಅವನ ಮಾತನ್ನು ನೀವು ಮುಗಿಸಬೇಡಿ, ಮುಗಿಯುವವರೆಗೆ ಕಾಯಿರಿ.

ಪ್ರಶ್ನೆ: ಅವನು ವಕೀಲನಾಗಿದ್ದನೇ?
— ಓದುಗರು, ಧಾರವಾಡ

ಉತ್ತರ: ಅಥೆನ್ಸಿನಲ್ಲಿ ವಾದಿ, ಪ್ರತಿವಾದಿಗಳು ತಾವೇ ಮಾತಾಡಬೇಕಿತ್ತು. ದುಡ್ಡು ಪಡೆದು ಅವರಿಗೆ ಭಾಷಣ ಬರೆದುಕೊಡುವುದು ಇವನ ಕಸುಬು. ಇದಕ್ಕೆ ದಾರಿಯಾದದ್ದು ಸ್ವಂತ ಕೇಸು. ಏಳನೇ ವಯಸ್ಸಿಗೆ ತಂದೆ ತೀರಿಕೊಂಡಾಗ ಕತ್ತಿ ಮತ್ತು ಮಂಚ ಮಾಡುವ ಎರಡು ಕಾರ್ಖಾನೆ ಸೇರಿ ಸುಮಾರು 14 ಟ್ಯಾಲೆಂಟ್ (ಆಗಿನ ಹಣದ ಲೆಕ್ಕ) ಆಸ್ತಿಯಿತ್ತು. ಪ್ರಾಯಕ್ಕೆ ಬಂದಾಗ ಮೂವರು ಪೋಷಕರು ಒಪ್ಪಿಸಿದ್ದು 70 ಮಿನಾ. ಒಂದು ಟ್ಯಾಲೆಂಟಿಗೆ 60 ಮಿನಾ. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಆಸ್ತಿ ಕೇಸುಗಳಲ್ಲಿ ಪಳಗಿದ್ದ ಈಸಿಯಸ್‌ನ ಬಳಿ ಕಲಿತು, ಅಫೋಬಸ್ ಎಂಬ ಪೋಷಕನ ಮೇಲೆ ದಾವೆ ಹೂಡಿ ಗೆದ್ದ. 10 ಟ್ಯಾಲೆಂಟ್ ಕೊಡಬೇಕೆಂದು ತೀರ್ಪಾಯಿತು. ಕೈಗೆ ಬಂದದ್ದು ಅದರಲ್ಲಿ ಸ್ವಲ್ಪ.

ಪ್ರಶ್ನೆ: ಅವನ ಮಾತು ಕೇಳಿದ ಅಥೆನ್ಸ್ ಯುದ್ಧದಲ್ಲಿ ಸೋತಿತು. ಹಾಗಿದ್ದೂ ಇಷ್ಟು ಕೀರ್ತಿ ಏಕೆ?
— ಓದುಗರು, ಉಡುಪಿ

ಉತ್ತರ: ಆ ಸೋಲನ್ನು ಅವನು ಸಮರ್ಥಿಸಿಕೊಂಡ ಭಾಷಣವೇ ಅದಕ್ಕೆ ಮುಖ್ಯ ಕಾರಣ. ಕ್ರಿ.ಪೂ. 338ರಲ್ಲಿ ಕೈರೋನಿಯಾದಲ್ಲಿ ಮ್ಯಾಸಿಡೋನಿಯಾದ ರಾಜ ಫಿಲಿಪ್ ಗೆದ್ದ. ಎರಡು ವರ್ಷದ ನಂತರ ಡೆಮಾಸ್ತನೀಸನಿಗೆ ಗೌರವಾರ್ಥವಾಗಿ ಚಿನ್ನದ ಕಿರೀಟ ತೊಡಿಸಬೇಕೆಂದು ಕ್ಟೆಸಿಫೋನ್ ಸೂಚಿಸಿದ. ಇದು ಕಾನೂನುಬಾಹಿರವೆಂದು ಡೆಮಾಸ್ತನೀಸನ ಎದುರಾಳಿ ಈಸ್ಕಿನೀಸ್ ಕ್ಟೆಸಿಫೋನ್ ಮೇಲೆ ಕೇಸು ಹಾಕಿದ. ಅದು ವಿಚಾರಣೆಗೆ ಬಂದದ್ದು 330ರಲ್ಲಿ. ಕ್ಟೆಸಿಫೋನ್ ಪರ ನಿಂತ ಡೆಮಾಸ್ತನೀಸ್ ಸೋಲನ್ನು ಮುಚ್ಚಿಡಲಿಲ್ಲ. ಹೀಗಾಗುತ್ತದೆಂದು ಮೊದಲೇ ಗೊತ್ತಿದ್ದರೂ ಅಥೆನ್ಸ್ ಹೋರಾಡಲೇಬೇಕಿತ್ತು ಎಂದು, ಹಿಂದೆ ಮ್ಯಾರಥಾನಿನಲ್ಲಿ ಪರ್ಷಿಯನ್ನರ ವಿರುದ್ಧ ಕಾದಾಡಿದವರ ಮೇಲೆ ಆಣೆ ಇಟ್ಟು ಹೇಳಿದ. ಅವನ ಎಲ್ಲ ಭಾಷಣಗಳಲ್ಲಿ ಒಂದನ್ನೇ ಓದುವುದಾದರೆ ಇದನ್ನೇ ಓದಿ. ಈಸ್ಕಿನೀಸನಿಗೆ ಐದರಲ್ಲೊಂದು ಪಾಲು ಮತವೂ ಬೀಳಲಿಲ್ಲ. ಅಷ್ಟೂ ಬೀಳದಿದ್ದರೆ ಕೇಸು ಹಾಕಿದವನೇ 1000 ಡ್ರಾಕ್ಮಾ ದಂಡ ತೆರಬೇಕಿತ್ತು. ಈಸ್ಕಿನೀಸ್ ಊರು ಬಿಟ್ಟ.

ಕಳಂಕವೂ ಇದೆ. 324ರಲ್ಲಿ ಅಲೆಗ್ಸಾಂಡರನ ಖಜಾಂಚಿ ಹಾರ್ಪಲಸ್ ಓಡಿಬಂದಾಗ ಅವನ ಹಣ ಮುಟ್ಟಿದನೆಂದು ಡೆಮಾಸ್ತನೀಸನಿಗೆ 50 ಟ್ಯಾಲೆಂಟ್ ದಂಡ ಬಿತ್ತು; ಕಟ್ಟಲಾಗದೆ ಸೆರೆಮನೆ ಸೇರಿ, ತಪ್ಪಿಸಿಕೊಂಡ. 322ರಲ್ಲಿ ಮ್ಯಾಸಿಡೋನಿಯಾದವರು ಬೆನ್ನಟ್ಟಿದಾಗ ಕಲೌರಿಯಾ ದ್ವೀಪದ ಪೊಸೈಡನ್ ಗುಡಿಯಲ್ಲಿ ವಿಷ ಸೇವಿಸಿ ಸತ್ತ.

ಪ್ರಶ್ನೆ: ‘ಫಿಲಿಪ್ಪಿಕ್’ ಎಂದರೇನು?
— ಓದುಗರು, ಬೆಂಗಳೂರು

ಉತ್ತರ: ಫಿಲಿಪ್ಪನ ವಿರುದ್ಧ ಡೆಮಾಸ್ತನೀಸ್ ಮಾಡಿದ ಭಾಷಣ, ಮೊದಲನೆಯದು ಕ್ರಿ.ಪೂ. 351ರದ್ದು. ಕ್ರಿ.ಪೂ. 44–43ರಲ್ಲಿ ರೋಮಿನ ನಾಯಕ ಆಂಟನಿಯ ವಿರುದ್ಧ ತಾನು ರಚಿಸಿದ 14 ಭಾಷಣಗಳಿಗೆ ಸಿಸೆರೊ ಇದೇ ಹೆಸರಿಟ್ಟ. ಈಗ ಒಬ್ಬರನ್ನು ಕಟುವಾಗಿ ಖಂಡಿಸುವ ಯಾವ ಭಾಷಣಕ್ಕೂ ಇಂಗ್ಲಿಷಿನಲ್ಲಿ ಈ ಪದ ಸಲ್ಲುತ್ತದೆ.