ಹಳೇ ಸಾಮಾನು ಆನ್‌ಲೈನ್‌ನಲ್ಲಿ ಮಾರಿದರೆ ಜಿಎಸ್‌ಟಿ ಎಷ್ಟು? ಓದುಗರ ಪ್ರಶ್ನೆ, ನಮ್ಮ ಉತ್ತರ

ಯುಪಿಐ ಜಮೆ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ, ಹಳೇ ಮಂಚ ಮಾರಿದವರಿಗೂ ಎದೆ ಢವಗುಟ್ಟುತ್ತಿದೆ. ಅದೇ ವಿಷಯದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮನಿ ಬದಲಾಯಿಸುವಾಗ ಹಳೇ ಫ್ರಿಜ್, ವಾಷಿಂಗ್ ಮಷಿನ್, ಎರಡು ಮಂಚ ಆನ್‌ಲೈನ್ ಜಾಹೀರಾತು ಹಾಕಿ ಮಾರಿದ್ವಿ. ಒಟ್ಟು 38,000 ರೂಪಾಯಿ ಫೋನ್‌ಪೇಗೆ ಬಂದೈತಿ. ಇದಕ್ಕೂ ಜಿಎಸ್‌ಟಿ ಕಟ್ಟಬೇಕೇನ್ರಿ? (ಗೋಕಾಕ)

ಉತ್ತರ: ಬೇಡ. ವ್ಯಾಪಾರದ ಭಾಗವಾಗಿ ನಡೆದ ಮಾರಾಟಕ್ಕೆ ಮಾತ್ರ ಜಿಎಸ್‌ಟಿ. ಮನೆಯಲ್ಲಿ ಬಳಸಿದ ಸಾಮಾನು ಮಾರುವುದು ವ್ಯಾಪಾರವಲ್ಲ. ಮನೆಯವರು ತಮ್ಮ ಹಳೇ ಒಡವೆಯನ್ನು ಅಂಗಡಿಗೆ ಮಾರಿದರೆ ಅದು ವ್ಯಾಪಾರದ ಮಾರಾಟವಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2017ರ ಜುಲೈನಲ್ಲೇ ಸ್ಪಷ್ಟಪಡಿಸಿದೆ. ಮೊತ್ತ ದೊಡ್ಡದಾದರೂ ಸಣ್ಣದಾದರೂ ತರ್ಕ ಇದೇ. ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು ಕೊಂಡವರ ಜೊತೆಗಿನ ವಾಟ್ಸಾಪ್ ಮಾತುಕತೆ ಅಳಿಸದೆ ಇಟ್ಟುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ಈ ಹಣ ಎಲ್ಲಿಂದ ಬಂತು ಎಂದು ತೋರಿಸಲು ಅಷ್ಟು ಸಾಕು. ಆದರೆ ಸಂತೆಯಲ್ಲೋ ಗುಜರಿಯಲ್ಲೋ ಕೊಂಡು ತಂದು ಮತ್ತೆ ಮತ್ತೆ ಮಾರತೊಡಗಿದರೆ ಅದು ವ್ಯಾಪಾರವೇ. ಆಗ ಮುಂದಿನ ಉತ್ತರಗಳು ನಿಮಗೂ ಅನ್ವಯಿಸುತ್ತವೆ.

ಪ್ರಶ್ನೆ: ನಮ್ಮದು ಹಳೇ ಮೊಬೈಲ್ ಕೊಂಡು ಮಾರುವ ಅಂಗಡಿ, ಜಿಎಸ್‌ಟಿ ನೋಂದಣಿ ಇದೆ. 6,000ಕ್ಕೆ ಕೊಂಡ ಫೋನ್ 8,500ಕ್ಕೆ ಹೋಗುತ್ತದೆ. ಲೆಕ್ಕ ಬರೆಯುವವರು ಪೂರ್ತಿ 8,500ರ ಮೇಲೆ ಶೇ 18 ಕಟ್ಟಿ ಅಂತಾರೆ. ಪಕ್ಕದ ಅಂಗಡಿಯವರು ಲಾಭದ ಮೇಲಷ್ಟೇ ಅಂತಾರೆ. ಯಾವುದು ಖರೆ? (ಖಡೇಬಜಾರ, ಬೆಳಗಾವಿ)

ಉತ್ತರ: ಪಕ್ಕದ ಅಂಗಡಿಯವರ ಮಾತು ಖರೆ, ಆದರೆ ಷರತ್ತುಗಳಿವೆ. ಜಿಎಸ್‌ಟಿ ನಿಯಮ 32ರ ಉಪನಿಯಮ 5ರಂತೆ ಹಳೇ ಸಾಮಾನಿನ ವ್ಯಾಪಾರಿ, ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕೊಟ್ಟರೆ ಸಾಕು. ಇದಕ್ಕೆ ನೀವು ಈ ವ್ಯಾಪಾರದಲ್ಲೇ ಇರಬೇಕು. ಸಾಮಾನು ಇದ್ದ ಹಾಗೆಯೇ, ಇಲ್ಲವೇ ಸ್ವರೂಪ ಬದಲಾಗದಷ್ಟು ಸಣ್ಣ ದುರಸ್ತಿಯಾಗಿ ಮಾರಾಟವಾಗಬೇಕು. ಅದನ್ನು ಕೊಳ್ಳುವಾಗ ಇನ್‌ಪುಟ್ ತೆರಿಗೆ ಪಡೆದಿರಬಾರದು, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಿರಬಾರದು.

ನಿಮ್ಮ ಫೋನಿನ ಲೆಕ್ಕ ನೋಡಿ. ವ್ಯತ್ಯಾಸ 2,500. ಗಿರಾಕಿ ಕೊಟ್ಟ 8,500ರಲ್ಲೇ ತೆರಿಗೆ ಸೇರಿದೆ ಎಂದಾದರೆ 2,500ನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿ: 381 ರೂಪಾಯಿ. ಪೂರ್ತಿ ಬೆಲೆಗೆ ಹೀಗೇ ಲೆಕ್ಕ ಹಾಕಿದರೆ 1,297 ರೂಪಾಯಿ. ಒಂದು ಫೋನಿಗೆ 900 ರೂಪಾಯಿಗೂ ಮೀರಿದ ಅಂತರ ಇದು. ದರ ಮಾತ್ರ ಆಯಾ ವಸ್ತುವಿನದೇ: ಮೊಬೈಲಿಗೆ ಶೇ 18, ಸೈಕಲ್ಲಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5.

ಲೆಕ್ಕ ತಪ್ಪುವ ಜಾಗಗಳನ್ನು ತಿಳಿದಿರಿ. 9,000ಕ್ಕೆ ಕೊಂಡ ಇನ್ನೊಂದು ಫೋನ್ 8,200ಕ್ಕೆ ಹೋಯಿತು ಎನ್ನಿ. ಅದಕ್ಕೆ ತೆರಿಗೆ ಸೊನ್ನೆ; ಆದರೆ ಆ 800ರ ನಷ್ಟವನ್ನು ಮೊದಲ ಫೋನಿನ ಲಾಭದಲ್ಲಿ ಕಳೆಯುವಂತಿಲ್ಲ. ತಿಂಗಳ ಒಟ್ಟು ಖರೀದಿ, ಒಟ್ಟು ಮಾರಾಟ ಇಟ್ಟು ಕಳೆಯುವ ಅಂಗಡಿಗಳು ಎಡವುವುದು ಇಲ್ಲೇ. ಬ್ಯಾಟರಿ ಬದಲಿಸಲು ಖರ್ಚಾದ 700 ರೂಪಾಯಿಯನ್ನು ಕೊಂಡ ಬೆಲೆಗೆ ಸೇರಿಸಬೇಡಿ. ನಿಯಮದಲ್ಲಿರುವುದು ಕೊಂಡ ಬೆಲೆ, ಮಾರಿದ ಬೆಲೆ ಎರಡೇ. ಫೋನ್ ಬಿಚ್ಚಿ ಬೋರ್ಡು, ಡಿಸ್‌ಪ್ಲೇ ಬೇರೆಬೇರೆ ಮಾರಿದರೆ ಅದು ‘ಇದ್ದ ಹಾಗೆಯೇ’ ಮಾರಿದಂತಲ್ಲ. ಹಳೇ ಒಡವೆಯ ವಿಷಯದಲ್ಲೂ 2021ರಲ್ಲಿ ತೆರಿಗೆಯ ಸಂದೇಹಗಳಿಗೆ ಮೊದಲೇ ತೀರ್ಪು ಕೊಡುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಇದೇ ಗೆರೆ ಎಳೆದಿತ್ತು: ರೂಪ ಬದಲಿಸದೆ ಮಾರಿದರೆ ವ್ಯತ್ಯಾಸದ ಮೇಲಷ್ಟೇ ತೆರಿಗೆ.

ಈ ಸೌಲಭ್ಯವೆಲ್ಲ ನಿಂತಿರುವುದು ಕೊಂಡ ಚೀಟಿಯ ಮೇಲೆ. ಫೋನ್ ಕೊಡಲು ಬಂದವರು ಬಿಲ್ ಕೊಡುವುದಿಲ್ಲ, ಆದ್ದರಿಂದ ಖರೀದಿ ವೋಚರ್ ನೀವೇ ಬರೆಯಬೇಕು: ಕ್ರಮಸಂಖ್ಯೆ, ತಾರೀಖು, ಕೊಟ್ಟವರ ಹೆಸರು, ವಿಳಾಸ, ಮೊಬೈಲ್ ನಂಬರ್, ಫೋನಿನ ಮಾಡೆಲ್, ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಬೆಲೆ, ಸಹಿ. ಜೊತೆಗೆ ಗುರುತಿನ ಚೀಟಿಯ ನಕಲು. ಹಣವನ್ನು ಕೊಟ್ಟವರ ಖಾತೆಗೇ ಹಾಕಿ. ಮಾರುವ ಬಿಲ್ಲಿನಲ್ಲೂ ಅದೇ ಐಎಂಇಐ ಬರೆದರೆ ಎರಡು ಕಾಗದ ತಾವಾಗಿ ಜೋಡಿಯಾಗುತ್ತವೆ. ನಲವತ್ತು ಫೋನ್ ಒಂದೇ ಲಾಟಿನಲ್ಲಿ ಬಂದರೆ ಅಂದೇ ಒಂದೊಂದಕ್ಕೂ ಬೆಲೆ ಹಂಚಿ ಬರೆಯಿರಿ. ಮಾರಿದ ಮೇಲೆ ಹಂಚಿದ ಬೆಲೆಯನ್ನು ಯಾರೂ ನಂಬುವುದಿಲ್ಲ. ಹಣ ಕೊಡುವ ಮೊದಲು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಪರೀಕ್ಷಿಸುವುದನ್ನು ಮರೆಯಬೇಡಿ. ಕದ್ದ ಮಾಲು ಅಂಗಡಿಯಲ್ಲಿ ಸಿಕ್ಕರೆ ತೆರಿಗೆಯ ಚಿಂತೆಯೇ ಸಣ್ಣದಾಗುತ್ತದೆ.

ಪ್ರಶ್ನೆ: ಹಳೇ ಕಟ್ಟಿಗೆ ಫರ್ನಿಚರ್ ವ್ಯಾಪಾರ. ವರ್ಷದ ವಹಿವಾಟು ಒಂಬತ್ತು ಲಕ್ಷ, ನೋಂದಣಿ ಇಲ್ಲ. ಆನ್‌ಲೈನ್ ಮಾರುಕಟ್ಟೆಗೆ ಸೇರಬೇಕೆಂದಿದ್ದೇನೆ. ಕೊಲ್ಹಾಪುರದ ಗಿರಾಕಿಗಳೂ ಕೇಳುತ್ತಾರೆ. (ನಿಪ್ಪಾಣಿ)

ಉತ್ತರ: ಸರಕಿನ ವ್ಯಾಪಾರಕ್ಕೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಮೊದಲು ಗಿರಾಕಿಯ ಹಣ ತಾನೇ ಪಡೆದು ಮಾರಿದವರಿಗೆ ಕೊಡುವ ಆನ್‌ಲೈನ್ ವೇದಿಕೆಯಲ್ಲಿ ಮಾರುವವರಿಗೆ ಈ ಮಿತಿಯ ರಕ್ಷಣೆ ಇರಲಿಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಗಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್, ವ್ಯಾಪಾರದ ಸ್ಥಳ, ರಾಜ್ಯ ತಿಳಿಸಿ ದಾಖಲಾತಿ ಸಂಖ್ಯೆ ಪಡೆಯಿರಿ, ಅದನ್ನು ವೇದಿಕೆಗೆ ಕೊಡಿ. ಇದು ಪೂರ್ಣ ನೋಂದಣಿಯಲ್ಲ. ಸಂಖ್ಯೆ ಕೈಗೆ ಬರುವ ಮೊದಲು ಒಂದು ಕುರ್ಚಿಯನ್ನೂ ಆ ವೇದಿಕೆಯಲ್ಲಿ ಮಾರಬೇಡಿ. ಒಂದು ರಾಜ್ಯದಲ್ಲಿ ಒಂದೇ ಸಂಖ್ಯೆ, ಮತ್ತು ಒಂದಕ್ಕಿಂತ ಹೆಚ್ಚು ರಾಜ್ಯಗಳಿಂದ ಮಾರುವಂತಿಲ್ಲ.

ನಿಮಗೆ ತೊಡಕಾಗುವುದು ಗಡಿ. ಈ ಸೌಲಭ್ಯದಲ್ಲಿ ಹೊರರಾಜ್ಯದ ಮಾರಾಟಕ್ಕೆ ಅವಕಾಶವೇ ಇಲ್ಲ. ನಿಪ್ಪಾಣಿಯಿಂದ ಕಾಗಲ್ ಕೂಗಳತೆಯ ದೂರವಾದರೂ ತೆರಿಗೆಯ ಲೆಕ್ಕದಲ್ಲಿ ಬೇರೆ ರಾಜ್ಯ. ಒಂದು ಟೇಬಲ್ ಕೊಲ್ಹಾಪುರಕ್ಕೆ ಕಳಿಸಿದರೂ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ, ತೆರಿಗೆ ಐಜಿಎಸ್‌ಟಿ, ಅಂದರೆ ಹೊರರಾಜ್ಯದ ಮಾರಾಟಕ್ಕಿರುವ ಜಿಎಸ್‌ಟಿ. ಆದ್ದರಿಂದ ವೇದಿಕೆಯಲ್ಲಿ ‘ಕರ್ನಾಟಕದೊಳಗೆ ಮಾತ್ರ’ ಎಂದು ಮೊದಲೇ ಗೊತ್ತುಪಡಿಸಿ. ಗಿರಾಕಿಯೇ ಅಂಗಡಿಗೆ ಬಂದು ಸಾಮಾನು ಒಯ್ದರೂ ಎಚ್ಚರ ಬೇಕು: ನೋಂದಣಿಯಿಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿದ್ದರೆ, ಬರೇ ‘ಮಹಾರಾಷ್ಟ್ರ’ ಎಂದು ರಾಜ್ಯದ ಹೆಸರಿದ್ದರೂ, ಅದು ಆ ರಾಜ್ಯಕ್ಕೆ ಆದ ಮಾರಾಟ. ಕೊಲ್ಹಾಪುರದ ಗಿರಾಕಿಗಳೇ ಹೆಚ್ಚಾಗಿದ್ದರೆ ಸೌಲಭ್ಯದ ಹಿಂದೆ ಬೀಳದೆ ನೋಂದಣಿ ಮಾಡಿಸುವುದೇ ಒಳ್ಳೆಯದು. ಅದಕ್ಕೆ ಸರಕಾರಿ ಶುಲ್ಕವಿಲ್ಲ.

ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಷನ್‌ಗೆ ಹೋದರೆ ಹೇಗೆ ಎಂದು ಹಲವರು ಕೇಳಿದ್ದಾರೆ. ಅಲ್ಲಿ ವ್ಯಾಪಾರಿಗೆ ಶೇ 1, ಆದರೆ ಪೂರ್ತಿ ಮಾರಾಟದ ಮೇಲೆ. ಲಾಭ ದೊಡ್ಡದಿದ್ದರೆ ಅದು ಅಗ್ಗ. ಹೊರರಾಜ್ಯಕ್ಕೆ ಮಾತ್ರ ಅವರೂ ಮಾರುವಂತಿಲ್ಲ.

ಪ್ರಶ್ನೆ: ನೋಂದಣಿ ಇದೆ. 10,000ದ ಮಾರಾಟಕ್ಕೆ ವೇದಿಕೆಯವರು ಕಮಿಷನ್ ಅಲ್ಲದೆ ಇನ್ನೆರಡು ಸಣ್ಣ ಮೊತ್ತ ಹಿಡಿದುಕೊಂಡಿದ್ದಾರೆ. ಅದು ಹೋದ ಹಣವೇ? (ಬಾಗಲಕೋಟೆ)

ಉತ್ತರ: ಹೋದ ಹಣವಲ್ಲ. ಒಂದು ಜಿಎಸ್‌ಟಿಯ ಟಿಸಿಎಸ್ (ವೇದಿಕೆ ನಿಮ್ಮ ಹಣದಲ್ಲಿ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ), 2024ರ ಜುಲೈ 10ರಿಂದ ಶೇ 0.5. ಇನ್ನೊಂದು ಹೀಗೇ ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆಯ ಟಿಡಿಎಸ್, 2024ರ ಅಕ್ಟೋಬರ್‌ನಿಂದ ಶೇ 0.1. ಹತ್ತು ಸಾವಿರಕ್ಕೆ 50 ಮತ್ತು 10 ರೂಪಾಯಿ. ಟಿಸಿಎಸ್ ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ: ಪೋರ್ಟಲ್‌ನಲ್ಲಿ ಟಿಡಿಎಸ್, ಟಿಸಿಎಸ್ ಜಮೆಯ ಪಟ್ಟಿ ತೆರೆದು ಒಪ್ಪಿಗೆ ಕೊಟ್ಟು ಸಲ್ಲಿಸಿದರೆ ನಗದು ಲೆಡ್ಜರ್‌ಗೆ ಬಂದು ಬೀಳುತ್ತದೆ, ಅದರಿಂದ ತೆರಿಗೆ ಕಟ್ಟಬಹುದು. ಟಿಡಿಎಸ್ ಆದಾಯ ತೆರಿಗೆ ರಿಟರ್ನ್‌ನಲ್ಲಿ ಸಿಗುತ್ತದೆ. ಬರೇ ಜಾಹೀರಾತು ಹಾಕಿ, ಹಣ ನೇರ ಗಿರಾಕಿಯಿಂದ ನಿಮಗೆ ಬರುವ ಕಡೆ ಈ ಟಿಸಿಎಸ್ ಇಲ್ಲ. ಇನ್ನೊಂದು ಮಾತು: ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ವೇದಿಕೆಗೆ ಗೊತ್ತಿರುವುದಿಲ್ಲ. ಅವರ ಅಂಕಿಗೂ ನಿಮ್ಮ ರಿಟರ್ನ್‌ನ ವ್ಯತ್ಯಾಸದ ಅಂಕಿಗೂ ತಾಳೆಯಾಗದೆ ಪ್ರಶ್ನೆ ಬರಬಹುದು. ಪ್ರತಿ ತಿಂಗಳೂ ಆರ್ಡರ್ ನಂಬರ್, ಮಾರಿದ ಬೆಲೆ, ಕೊಂಡ ಬೆಲೆ, ವೋಚರ್ ನಂಬರ್ ಇರುವ ಒಂದು ಹಾಳೆ ಮಾಡಿಟ್ಟರೆ ಉತ್ತರ ಸಿದ್ಧವಿರುತ್ತದೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯ ಹಳೇ ಪುಸ್ತಕ ಕೊಂಡು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಸೋಲಾಪುರಕ್ಕೂ ಕಳಿಸುತ್ತೇನೆ. (ವಿಜಯಪುರ)

ಉತ್ತರ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕ ಮಾತ್ರ ಮಾರುವವರೆಗೆ, ಹೊರರಾಜ್ಯಕ್ಕೆ ಕಳಿಸಿದರೂ ನೋಂದಣಿ ಬೇಡ. ಜೊತೆಗೆ ಕ್ಯಾಲ್ಕುಲೇಟರೋ ಬ್ಯಾಗೋ ಸೇರಿಸಿದರೆ ನೋಂದಣಿಯ ಈ ವಿನಾಯಿತಿ ಹೋಗುತ್ತದೆ.

ಪ್ರಶ್ನೆ: ಬೆಲ್ಲದ ಅಡತಿ ಕಚೇರಿಯ ಮೂರು ವರ್ಷದ ಕಂಪ್ಯೂಟರ್‌ಗಳನ್ನು 30,000ಕ್ಕೆ ಮಾರುತ್ತಿದ್ದೇವೆ. ಕೊಂಡಾಗ ಬೆಲೆ ಒಂದು ಲಕ್ಷ, 18,000 ಇನ್‌ಪುಟ್ ಪಡೆದಿದ್ದೆವು. (ಮಹಾಲಿಂಗಪುರ)

ಉತ್ತರ: ಇನ್‌ಪುಟ್ ಪಡೆದಿದ್ದರಿಂದ ವ್ಯತ್ಯಾಸದ ಲೆಕ್ಕ ನಿಮಗಿಲ್ಲ. ಪಡೆದ ಇನ್‌ಪುಟ್‌ನಲ್ಲಿ ಪ್ರತಿ ತ್ರೈಮಾಸಿಕಕ್ಕೆ ಶೇ 5 ಕಳೆಯಿರಿ. ತ್ರೈಮಾಸಿಕದ ಒಂದೇ ದಿನ ಬಳಸಿದ್ದರೂ ಪೂರ್ತಿ ಎಣಿಸಬಹುದು. ಹನ್ನೆರಡು ತ್ರೈಮಾಸಿಕಕ್ಕೆ ಶೇ 60 ಹೋಗಿ ಉಳಿಯುವುದು 7,200. ಮಾರಿದ 30,000ಕ್ಕೆ ಶೇ 18 ಎಂದರೆ 5,400. ಎರಡರಲ್ಲಿ ದೊಡ್ಡದನ್ನು, ಅಂದರೆ 7,200ನ್ನು ಕಟ್ಟಬೇಕು. ಬೆಲೆ ಕುದುರಿಸುವ ಮೊದಲೇ ಇದನ್ನು ಲೆಕ್ಕ ಹಾಕಿ.

ಪ್ರಶ್ನೆ: ಹಳೇ ಕಾರಿಗೆ ಶೇ 18 ಆಗಿದೆಯಂತೆ. ನನ್ನ ಸ್ವಂತ ಕಾರು ಮಾರಿದರೂ ಕಟ್ಟಬೇಕೇ? (ಜಮಖಂಡಿ)

ಉತ್ತರ: ನೋಂದಣಿಯಿಲ್ಲದ ನೀವು ಸ್ವಂತ ಕಾರು ಮಾರಿದರೆ ಇಲ್ಲ. 2025ರ ಜನವರಿಯಿಂದ ಹಳೇ ಕಾರುಗಳಿಗೆಲ್ಲ, ವಿದ್ಯುತ್ ಕಾರು ಸೇರಿ, ಶೇ 18 ಆಗಿರುವುದು ನೋಂದಾಯಿತರಿಗೆ. ಅದೂ ವ್ಯತ್ಯಾಸದ ಮೇಲೆ. ನಿಮ್ಮ ಚಿಂತೆ ಬೇರೆ ಇರಬೇಕು: ಮಾಲೀಕತ್ವ ವರ್ಗಾವಣೆಯ ನಮೂನೆ 29, 30 ಆರ್‌ಟಿಒಗೆ ಹೋಗುವವರೆಗೆ ದಂಡದ ಚೀಟಿ ನಿಮ್ಮ ಹೆಸರಿಗೇ ಬರುತ್ತದೆ. ಮಹಾರಾಷ್ಟ್ರದವರು ಕೊಂಡರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು.

ಪ್ರಶ್ನೆ: ಎರಡು ವರ್ಷ ವೋಚರ್ ಬರೆದೇ ಇಲ್ಲ, ಆದರೆ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕಟ್ಟಿದ್ದೇವೆ. ಈಗೇನು ಮಾಡಬೇಕ್ರಿ? (ಅಥಣಿ)

ಉತ್ತರ: ಹಿಂದಿನ ತಾರೀಖು ಹಾಕಿ ವೋಚರ್ ಬರೆಯುವ ಯೋಚನೆಯನ್ನು ಬಿಟ್ಟುಬಿಡಿ, ಅದು ತಪ್ಪನ್ನು ವಂಚನೆ ಮಾಡಿಬಿಡುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ದಾಖಲೆ, ವಾಟ್ಸಾಪ್‌ನಲ್ಲಿ ಬಂದ ಫೋಟೊ ಹಿಡಿದು ಒಂದೊಂದು ಮಾಲಿಗೂ ಖರೀದಿ ಹುಡುಕಿ. ಸಾಕ್ಷ್ಯ ಸಿಕ್ಕಿದ ಮಾಲನ್ನು ಬೇರೆ ಪಟ್ಟಿ ಮಾಡಿ. ಏನೂ ಸಿಗದ ಮಾಲಿಗೆ ಪೂರ್ತಿ ಬೆಲೆಯ ಮೇಲಿನ ತೆರಿಗೆಯನ್ನು, ವರ್ಷಕ್ಕೆ ಶೇ 18ರ ಬಡ್ಡಿ ಸಮೇತ, ಡಿಆರ್‌ಸಿ–03 ನಮೂನೆಯಲ್ಲಿ ನೀವಾಗಿಯೇ ಕಟ್ಟಿ. ವಂಚನೆಯಿಲ್ಲದ ಪ್ರಕರಣದಲ್ಲಿ ನೋಟಿಸ್ ಬರುವ ಮೊದಲು ಹೀಗೆ ಕಟ್ಟಿದರೆ ದಂಡ ಬೀಳುವುದಿಲ್ಲ. ಇವತ್ತಿನಿಂದ ವೋಚರ್ ಪುಸ್ತಕ ಶುರುಮಾಡಿ. ಅದನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು.